ಒಂದೇ ಡಿಸ್ಕು, ಎರಡು ಸಂಸಾರ

ಮಕ್ಕಳೇ, ಕಳೆದ ಸೋಮವಾರದಿಂದ ಕಂಪ್ಯೂಟರ್ ಕೋಣೆಗೆ ಹೋಗಿ ಬಂದವರೆಲ್ಲ ಒಂದೇ ಪ್ರಶ್ನೆ ಕೇಳ್ತಿದ್ದೀರಿ. "ಸಾರ್, ಆನ್ ಮಾಡಿದ ತಕ್ಷಣ ಕಪ್ಪು ಪರದೆ ಬರುತ್ತೆ, ಅದರಲ್ಲಿ ಎರಡು ಹೆಸರು ಇರುತ್ತೆ, ಯಾವುದನ್ನ ಒತ್ತಬೇಕು?" ಏಳನೇ ತರಗತಿಯ ಒಬ್ಬ ಹುಡುಗ ಯಾವುದನ್ನೂ ಒತ್ತದೆ ಕೈಕಟ್ಟಿ ಕೂತಿದ್ದ. ಹತ್ತು ಸೆಕೆಂಡ್ ಆದಮೇಲೆ ಅದರಷ್ಟಕ್ಕೆ ಅದೇ ಶುರುವಾಯಿತು. "ಸಾರ್, ನಾನೇನೂ ಮಾಡಿಲ್ಲ!" ಅಂತ ಓಡಿ ಬಂದ. ಒಬ್ಬೊಬ್ಬರಿಗೂ ಹೇಳುವ ಬದಲು ಇಲ್ಲಿ ಬರೆದುಬಿಟ್ಟರೆ ಎಲ್ಲರಿಗೂ ಆಗುತ್ತೆ ಅಂತ ಈ ಸಲದ ವಿಜ್ಞಾನ ಪುಟವನ್ನು ಇದಕ್ಕೇ ಇಟ್ಟಿದ್ದೇವೆ.

ಕಂಪ್ಯೂಟರ್ ಅನ್ನೋದು ತಾನಾಗಿ ಏನೂ ತಿಳಿಯದ ಯಂತ್ರ. ಕೀಲಿ ಒತ್ತಿದರೆ ಅಕ್ಷರ ಮೂಡಿಸುವುದು, ಫೈಲನ್ನು ಜಾಗ ನೋಡಿ ಇಡುವುದು, ಕೇಳಿದಾಗ ತೆಗೆದುಕೊಡುವುದು, ಇವೆಲ್ಲ ಮಾಡಿಸುವ ಮೇಸ್ತ್ರಿಗೆ ಆಪರೇಟಿಂಗ್ ಸಿಸ್ಟಂ ಅಂತ ಹೆಸರು. ವಿಂಡೋಸ್ ಅಂಥ ಒಬ್ಬ ಮೇಸ್ತ್ರಿ, ಲಿನಕ್ಸ್ ಇನ್ನೊಬ್ಬ. ಲಿನಕ್ಸನ್ನು 1991ರಲ್ಲಿ ಫಿನ್‌ಲೆಂಡ್ ದೇಶದ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಶುರುಮಾಡಿದರು. ಆಗ ಅವರಿಗೆ 21 ವರ್ಷ. ಅದನ್ನು ಯಾರು ಬೇಕಾದರೂ ಹಣ ಕೊಡದೆ ಬಳಸಬಹುದು, ನಕಲು ಮಾಡಿ ಹಂಚಬಹುದು.

ಹಾಗಾದರೆ ಒಬ್ಬರು ಸಾಲದೇ, ಇಬ್ಬರು ಯಾಕೆ? ನಮ್ಮ ಕಂಪ್ಯೂಟರ್‌ನಲ್ಲಿದ್ದದ್ದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕಂಪನಿಯ ಮಾಮೂಲು ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣ ಅಂದರೆ ಅದು ಕೇಳುವ ಟಿಪಿಎಂ 2.0 ಅನ್ನುವ ಭಾಗ ನಮ್ಮ ಹಳೇ ಯಂತ್ರದಲ್ಲಿಲ್ಲ. ಪೂರ್ತಿ ಲಿನಕ್ಸ್‌ಗೇ ಹೋಗಿಬಿಡೋಣ ಅಂದರೆ ಕಚೇರಿಯ ಪ್ರಶ್ನೆಪತ್ರಿಕೆ, ವರ್ಗಾವಣೆ ಪತ್ರ ಎಲ್ಲವೂ ಹಳೆಯ ನುಡಿಯಲ್ಲಿ ಟೈಪಾಗಿವೆ. ನಮ್ಮ ಹತ್ತಿರ ಇರುವ ಆ ನುಡಿ ವಿಂಡೋಸಿಗೆ ಮಾಡಿದ್ದು. ಆದ್ದರಿಂದ ಹಳಬನನ್ನು ಕಳಿಸದೆ, ಹೊಸಬನಿಗೂ ಜಾಗ ಕೊಡೋದು ಅಂತ ತೀರ್ಮಾನ ಮಾಡಿದೆವು. ಇಂಟರ್ನೆಟ್ ನೋಡುವುದು, ಚಿತ್ರ ಬರೆಯುವುದು, ಗಣಿತದ ಆಟ ಎಲ್ಲ ಲಿನಕ್ಸ್‌ನಲ್ಲಿ. ನುಡಿ ಮಾತ್ರ ವಿಂಡೋಸ್‌ನಲ್ಲಿ, ಅದೂ ಇಂಟರ್ನೆಟ್ ವೈರು ಬಿಚ್ಚಿ.

ಈಗ ಮುಖ್ಯ ವಿಷಯ. ಇಬ್ಬರು ಮೇಸ್ತ್ರಿಗಳು ಒಂದೇ ಹಾರ್ಡ್ ಡಿಸ್ಕ್‌ನಲ್ಲಿ ಜಗಳವಿಲ್ಲದೆ ಹೇಗೆ ಇರ್ತಾರೆ?

ಹಾರ್ಡ್ ಡಿಸ್ಕ್ ಒಳಗೆ ಕನ್ನಡಿಯಂತೆ ಹೊಳೆಯುವ ತಟ್ಟೆಗಳಿವೆ. ಅದರ ಮೇಲಿನ ಜಾಗವನ್ನು ಸೆಕ್ಟರ್ ಅನ್ನುವ ಸಣ್ಣ ಸಣ್ಣ ಮನೆಗಳಾಗಿ ಎಣಿಸುತ್ತಾರೆ. ಒಂದು ಸೆಕ್ಟರ್‌ನಲ್ಲಿ 512 ಬೈಟ್ ಹಿಡಿಯುತ್ತೆ. ನಮ್ಮದು 500 ಜಿಬಿ ಡಿಸ್ಕ್. ಅದರಲ್ಲಿ 97,67,73,168 ಸೆಕ್ಟರ್‌ಗಳಿವೆ. ಸೊನ್ನೆಯಿಂದ ಹಿಡಿದು ಎಲ್ಲಕ್ಕೂ ಒಂದೊಂದು ನಂಬರ್. ಊರಿನ ಹೊಲಗಳಿಗೆ ಸರ್ವೆ ನಂಬರ್ ಇರೋ ಹಾಗೆ ಅಂದುಕೊಳ್ಳಿ.

(ನಿಮಗಿದು ಗೊತ್ತೇ? ಡಬ್ಬದ ಮೇಲೆ 500 ಜಿಬಿ ಅಂತ ಬರೆದಿದ್ದರೂ ವಿಂಡೋಸ್‌ನಲ್ಲಿ 465 ಅಂತ ತೋರಿಸುತ್ತೆ. ಅಂಗಡಿಯವರು ಮೋಸ ಮಾಡಿಲ್ಲ. ಡಿಸ್ಕ್ ತಯಾರಿಸುವವರು 1 ಜಿಬಿ ಅಂದರೆ ನೂರು ಕೋಟಿ ಬೈಟ್ ಅಂತಾರೆ. ವಿಂಡೋಸ್ 1024ನ್ನು ಮೂರು ಸಲ ಗುಣಿಸಿ ಬಂದಿದ್ದನ್ನು 1 ಜಿಬಿ ಅನ್ನುತ್ತೆ. ಅಳತೆಯ ಸೇರು ಬೇರೆ, ರಾಗಿ ಅಷ್ಟೇ.)

ಅಣ್ಣತಮ್ಮಂದಿರು ಪಾಲಾದಾಗ ಏನು ಮಾಡ್ತಾರೆ? ಹೊಲವನ್ನು ಕತ್ತರಿಸಿ ಎತ್ತಿಕೊಂಡು ಹೋಗಲ್ಲ. "ಇಲ್ಲಿಂದ ಇಲ್ಲಿಗೆ ನಿನ್ನದು, ಅಲ್ಲಿಂದಾಚೆ ನನ್ನದು" ಅಂತ ಕಾಗದದಲ್ಲಿ ಬರೆಸುತ್ತಾರೆ. ಅದೇ ಪಾಲುಪಟ್ಟಿ. ಹಾರ್ಡ್ ಡಿಸ್ಕ್‌ಗೂ ಒಂದು ಪಾಲುಪಟ್ಟಿ ಇದೆ. ಅದಕ್ಕೆ ಪಾರ್ಟಿಶನ್ ಟೇಬಲ್ ಅಂತಾರೆ. ನಮ್ಮಂಥ ಹಳೇ ಕಂಪ್ಯೂಟರ್‌ನಲ್ಲಿ ಅದು ಇರೋದು ಎಲ್ಲಕ್ಕಿಂತ ಮೊದಲ, ಅಂದರೆ ಸೊನ್ನೆ ನಂಬರಿನ ಸೆಕ್ಟರ್‌ನಲ್ಲಿ. ಅದರ 512 ಬೈಟ್‌ನಲ್ಲಿ ಮೊದಲ 446 ಬೈಟ್ ಕಂಪ್ಯೂಟರನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂಗೆ. ಕೊನೆಯ 2 ಬೈಟ್ ಒಂದು ಗುರುತು, ಮೊಹರಿನಂತೆ. ನಡುವೆ ಉಳಿಯೋದು 64 ಬೈಟ್. ಕೂಡಿ ನೋಡಿ, ಸರಿಹೋಗುತ್ತೆ.

ಆ 64 ಬೈಟೇ ಪಾಲುಪಟ್ಟಿ. ಒಂದು ಪಾಲಿಗೆ 16 ಬೈಟ್. ಈ ಪಾಲು ಯಾವ ಸೆಕ್ಟರ್‌ನಿಂದ ಶುರು, ಎಷ್ಟು ಸೆಕ್ಟರ್ ಉದ್ದ, ಯಾವ ಜಾತಿಯ ಪಾಲು, ಇದರಿಂದ ಎಬ್ಬಿಸಬೇಕೋ ಬೇಡವೋ, ಇಷ್ಟೇ ಅಲ್ಲಿ ಬರೆದಿರೋದು. 64ನ್ನು 16ರಿಂದ ಭಾಗಿಸಿದರೆ 4. ಅದಕ್ಕೇ ಇಂಥ ಡಿಸ್ಕ್‌ನಲ್ಲಿ ನಾಲ್ಕೇ ಮುಖ್ಯ ಪಾಲು ಮಾಡಬಹುದು. ಐದನೆಯದು ಬೇಕಾದರೆ ನಾಲ್ಕರಲ್ಲಿ ಒಂದನ್ನು ವಿಸ್ತರಿಸಿದ ಪಾಲು ಅಂತ ಬರೆದು ಅದರೊಳಗೆ ಮತ್ತೆ ಒಳಪಾಲು ಮಾಡಬೇಕು. ಈ ಏರ್ಪಾಡು ಬಂದದ್ದು 1983ರಲ್ಲಿ, ಐಬಿಎಂ ಕಂಪನಿಯ ಪಿಸಿ ಎಕ್ಸ್‌ಟಿ ಮತ್ತು ಡಾಸ್ 2.0 ಕಾಲದಲ್ಲಿ. ಆ ಯಂತ್ರದ ಡಿಸ್ಕ್ ಇದ್ದದ್ದು ಬರೀ 10 ಎಂಬಿ. ನಿಮ್ಮ ಮನೆಯ ಮೊಬೈಲ್‌ನ ಎರಡು ಮೂರು ಫೋಟೋ ಹಾಕಿದರೆ ತುಂಬಿಹೋಗುತ್ತೆ. ಅದಕ್ಕೆ ನಾಲ್ಕು ಪಾಲು ಧಾರಾಳವಾಯಿತು ಅಂದುಕೊಂಡಿರಬೇಕು!

ಹೊಸ ಕಂಪ್ಯೂಟರ್‌ಗಳಲ್ಲಿ ಜಿಪಿಟಿ ಅನ್ನುವ ಬೇರೆ ಪಾಲುಪಟ್ಟಿ ಇದೆ. ಅದರಲ್ಲಿ ಸಾಮಾನ್ಯವಾಗಿ 128 ಪಾಲು ಬರೆಯಬಹುದು. ಅದರ ಇನ್ನೊಂದು ಪ್ರತಿ ಡಿಸ್ಕ್‌ನ ತುದಿಯಲ್ಲೂ ಇರುತ್ತೆ, ಮನೆಯ ಪತ್ರ ಕಳೆದರೂ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸಿಗೋ ಹಾಗೆ. ನಮ್ಮ ಹಳೇ ಡಿಸ್ಕ್‌ಗೆ ಆ ಭಾಗ್ಯ ಇಲ್ಲ. ಇರೋದು ಒಂದೇ ಪ್ರತಿ.

ಇಷ್ಟು ಬರೆದಮೇಲೆ ಒಂದು ವಿಷಯ ಹೇಳಲೇಬೇಕು. ಇದು ನಾನು ಮಾಡಿದ ಎರಡನೇ ಪ್ರಯತ್ನ. ಮೊದಲನೆಯದು 2017ರಲ್ಲಿ, ಇದೇ ಕೋಣೆಯಲ್ಲಿದ್ದ ಇನ್ನೂ ಹಳೇ ಕಂಪ್ಯೂಟರ್‌ನಲ್ಲಿ. ಆ ವರ್ಷದ ಒಂಬತ್ತನೇ ತರಗತಿಯವರು ಮನೆಮನೆಗೆ ಹೋಗಿ ಅಜ್ಜಿಯರಿಂದ ರಾಗಿ ಬೀಸುವ ಪದಗಳನ್ನು ಹಾಡಿಸಿ ಮೊಬೈಲ್‌ನಲ್ಲಿ ಹಿಡಿದು ತಂದಿದ್ದರು. ಒಟ್ಟು 43 ಹಾಡು. ಮೊಬೈಲ್‌ನಲ್ಲಿ ಜಾಗ ಸಾಲದು ಅಂತ ಎಲ್ಲವನ್ನೂ ಕಂಪ್ಯೂಟರ್‌ಗೆ ಹಾಕಿ ಅಲ್ಲಿ ಅಳಿಸಿದ್ದರು.

ಒಂದು ಶನಿವಾರ ಶಾಲೆ ಬಿಟ್ಟಮೇಲೆ ನಾನು ಲಿನಕ್ಸ್ ಹಾಕಲು ಕೂತೆ. ಬಸ್ಸಿಗೆ ಹೊತ್ತಾಗಿತ್ತು. ಹಾಕುವಾಗ ಒಂದು ಕಡೆ ಅದು ಕೇಳುತ್ತೆ, ಈಗಿರುವುದರ ಪಕ್ಕದಲ್ಲಿ ಇರಲೋ, ಡಿಸ್ಕ್ ಪೂರ್ತಿ ಅಳಿಸಲೋ, ಅಥವಾ ನೀವೇ ಪಾಲು ಮಾಡಿಕೊಡ್ತೀರೋ ಅಂತ. ನಾನು ಸರಿಯಾಗಿ ಓದದೆ 'ಇರೇಸ್ ಡಿಸ್ಕ್' ಅನ್ನುವ ಸಾಲಿನ ಮೇಲೆ ಚುಕ್ಕೆ ಇಟ್ಟು ಮುಂದೆ ಒತ್ತಿದೆ. ಅದು ಇನ್ನೊಂದು ಸಲ ಕೇಳಿತು. ಅದನ್ನೂ ಓದದೆ ಒತ್ತಿದೆ. ತಪ್ಪು ಕಂಪ್ಯೂಟರ್‌ದಲ್ಲ, ನನ್ನದು.

ಮುಂದಿನ ಮಾತು ಗಮನವಿಟ್ಟು ಓದಿ. ಪಾಲುಪಟ್ಟಿ ಹೋದ ಮಾತ್ರಕ್ಕೆ ಹಾಡು ಹೋಗೋದಿಲ್ಲ. ಕಾಗದ ಹರಿದರೆ ಹೊಲ ಎಲ್ಲಿಗೆ ಹೋಗುತ್ತೆ? ಆ ಗಳಿಗೆಯಲ್ಲೇ ನಿಲ್ಲಿಸಿದ್ದರೆ ಟೆಸ್ಟ್‌ಡಿಸ್ಕ್ ಅನ್ನುವ ಪ್ರೋಗ್ರಾಂ ಡಿಸ್ಕನ್ನೆಲ್ಲ ಹುಡುಕಿ, ಹಳೇ ಬದು ಎಲ್ಲೆಲ್ಲಿತ್ತು ಅಂತ ಗುರುತು ಹಿಡಿದು, ಪಟ್ಟಿಯನ್ನು ಮತ್ತೆ ಬರೆದುಕೊಡಬಹುದಿತ್ತು. ಆದರೆ ನಾನು ಬಿಟ್ಟು ಚಹಾ ಕುಡಿಯಲು ಹೋದೆ. ಅಷ್ಟರಲ್ಲಿ ಹೊಸ ಮೇಸ್ತ್ರಿ ಆ ಜಾಗವನ್ನು ಉತ್ತು, ತನ್ನ ಫೈಲುಗಳನ್ನು ಬಿತ್ತಿಯಾಗಿತ್ತು. ಯಾವ ಸೆಕ್ಟರ್ ಮೇಲೆ ಹೊಸದು ಬಿತ್ತೋ ಅಲ್ಲಿದ್ದ ಹಳೆಯದು ತಿರುಗಿ ಬರೋದಿಲ್ಲ.

ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿ ಫೋಟೋರೆಕ್ ಅನ್ನುವ ಪ್ರೋಗ್ರಾಂ ಓಡಿಸಿದೆವು. ಅದು ಪಟ್ಟಿಯನ್ನು ನೋಡೋದೇ ಇಲ್ಲ, ಸೆಕ್ಟರ್ ಸೆಕ್ಟರ್ ಓದಿ "ಇದು ಹಾಡಿನ ಫೈಲಿನ ಮೊದಲು ಇದ್ದಂಗಿದೆ" ಅಂತ ಹೆಕ್ಕಿ ತೆಗೆಯುತ್ತೆ. ಹೆಸರು ಸಿಗಲ್ಲ. ಎಫ್ ಅಂತ ಒಂದು ಅಕ್ಷರ, ಅದರ ಮುಂದೆ ಸೆಕ್ಟರ್ ನಂಬರ್, ಅಷ್ಟೇ ಫೈಲಿನ ಹೆಸರು. 26 ಹಾಡು ಸಿಕ್ಕಿದವು. ಹುಡುಗಿಯರು ಎರಡು ದಿನ ಕೂತು ದನಿ ಕೇಳಿ "ಇದು ನಮ್ಮಜ್ಜಿ, ಇದು ಮೇಲಿನ ಕೇರಿ ಅಜ್ಜಿ" ಅಂತ ಹೆಸರು ಬರೆದರು. 17 ಸಿಗಲಿಲ್ಲ. ಅದರಲ್ಲಿ ಹೆಚ್ಚಿನವನ್ನು ಮತ್ತೆ ಹೋಗಿ ಹಾಡಿಸಿಕೊಂಡು ಬಂದರು. ಒಬ್ಬ ಅಜ್ಜಿ ಮಾತ್ರ ಅಷ್ಟರಲ್ಲಿ ತೀರಿಕೊಂಡಿದ್ದರು. ಅವರು ಹಾಡಿದ್ದು ಐದು ಪದ, ಉಳಿದದ್ದು ಒಂದರ ಅರ್ಧ. ಅವರ ಮೊಮ್ಮಗಳು ಏನೂ ಅನ್ನಲಿಲ್ಲ. "ಅರ್ಧನಾದ್ರೂ ಸಿಕ್ತಲ್ಲ ಸಾರ್" ಅಂದಳು.

ಅದಕ್ಕೇ ಈ ಸಲ ಎಂಟು ವರ್ಷ ದಾಟಿದ ಮೇಲೆ ಕೈ ಹಾಕಿದ್ದು, ಅದೂ ನಿಧಾನವಾಗಿ.

ಮೊದಲು ಡಿ ಡ್ರೈವ್‌ನಲ್ಲಿದ್ದ ಹಾಡು, ಫೋಟೋ, ಕಚೇರಿ ಫೈಲು ಎಲ್ಲದರ ಪ್ರತಿಯನ್ನು ಹೊರಗಿನ ಡಿಸ್ಕ್‌ಗೆ ತೆಗೆದೆವು. ತೆಗೆದು ಸುಮ್ಮನಾಗಲಿಲ್ಲ. ಆ ಡಿಸ್ಕನ್ನು ಕಚೇರಿಯ ಲ್ಯಾಪ್‌ಟಾಪ್‌ಗೆ ಹಾಕಿ ಹಾಡು ತೆರೆದು ಕೇಳಿದೆವು. ಆಮೇಲೆ ಅದನ್ನು ಬಿಚ್ಚಿ ಬೀರುವಿನಲ್ಲಿಟ್ಟು ಬೀಗ ಹಾಕಿದೆವು. ಕೆಲಸ ನಡೆಯುವಾಗ ಅದು ಕಂಪ್ಯೂಟರ್‌ಗೆ ಚುಚ್ಚಿಕೊಂಡೇ ಇದ್ದರೆ, ಹೆಸರು ತಪ್ಪಿ ಅದನ್ನೇ ಅಳಿಸಿಬಿಡುವ ಅಪಾಯ ಉಂಟು.

ಆಮೇಲೆ ಲಿನಕ್ಸನ್ನು ಪೆನ್‌ಡ್ರೈವ್‌ಗೆ ಹಾಕಿ, ಡಿಸ್ಕ್ ಮುಟ್ಟದೆ ಪೆನ್‌ಡ್ರೈವ್‌ನಿಂದಲೇ ಓಡಿಸಿ ನೋಡಿದೆವು. ಶಬ್ದ ಬರುತ್ತೋ, ಪ್ರಿಂಟರ್ ನಡೆಯುತ್ತೋ ಅಂತ. ನಾವು ಆರಿಸಿದ್ದು ಲಿನಕ್ಸ್ ಮಿಂಟ್.

ಜಾಗ ಬಿಡಿಸುವ ಕೆಲಸವನ್ನು ವಿಂಡೋಸ್ ಕೈಯಲ್ಲೇ ಮಾಡಿಸಿದೆವು, ಯಾಕೆಂದರೆ ಅದರ ಮನೆಯ ಗೋಡೆ ಅದಕ್ಕೇ ಚೆನ್ನಾಗಿ ಗೊತ್ತು. ಡಿಸ್ಕ್ ಮ್ಯಾನೇಜ್‌ಮೆಂಟ್ ಅನ್ನುವಲ್ಲಿ ಡಿ ಮೇಲೆ ಒತ್ತಿ 'ಶ್ರಿಂಕ್' ಅಂದರೆ ಆಯಿತು, ಡಿ ಕುಗ್ಗುತ್ತೆ. 80 ಜಿಬಿ ಬಿಡಿಸಿದೆವು. ಸಿ ಡ್ರೈವನ್ನು ಯಾಕೆ ಕುಗ್ಗಿಸಲಿಲ್ಲ ಅಂದರೆ ಅದರ ನಡುವೆ ವಿಂಡೋಸಿನ ಕದಲದ ಫೈಲುಗಳು ಕೂತಿರುತ್ತವೆ, ಹೆಚ್ಚು ಜಾಗ ಬಿಡೋದಿಲ್ಲ. ಈ ಹೊತ್ತಿನಲ್ಲಿ ಕರೆಂಟು ಹೋಗಬಾರದು. ಫೈಲು ಜರುಗಿಸುವಾಗ ಅರ್ಧದಲ್ಲಿ ನಿಂತರೆ ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಲೈನ್‌ಮನ್ ಅವರನ್ನು ಕೇಳಿಯೇ ಭಾನುವಾರ ಬೆಳಿಗ್ಗೆ ಗೊತ್ತು ಮಾಡಿದ್ದು. ಜೊತೆಗೆ ಯುಪಿಎಸ್ ಕೂಡ ಇತ್ತು.

ಈಗಾಗಲೇ ಮೂರು ಮುಖ್ಯ ಪಾಲು ಇದ್ದವು. ವಿಂಡೋಸ್ ಎಬ್ಬಿಸುವ ಒಂದು ಚಿಕ್ಕದು, ಸಿ, ಡಿ. ಆದ್ದರಿಂದ ಬಿಡಿಸಿದ ಜಾಗವನ್ನು ನಾಲ್ಕನೆಯ, ವಿಸ್ತರಿಸಿದ ಪಾಲು ಮಾಡಿ ಅದರೊಳಗೆ ಲಿನಕ್ಸನ್ನು ಕೂರಿಸಿದೆವು. ಲಿನಕ್ಸ್ ತನ್ನ ಪಾಲಿಗೆ 5 ಅಂತ ನಂಬರ್ ಕೊಟ್ಟುಕೊಂಡಿತು. ಒಳಪಾಲಿನ ಎಣಿಕೆ ಯಾವಾಗಲೂ 5ರಿಂದಲೇ ಶುರು, 1ರಿಂದ 4 ಮುಖ್ಯ ಪಾಲಿಗೆ ಮೀಸಲು. ಈ ಸಲ 'ನಾವೇ ಪಾಲು ಮಾಡಿಕೊಡ್ತೀವಿ' ಅನ್ನುವ ಸಾಲನ್ನೇ ಆರಿಸಿದೆ. ಒತ್ತುವ ಮುಂಚೆ ಹತ್ತನೇ ತರಗತಿಯ ಇಬ್ಬರಿಂದ ಪರದೆಯ ಮೇಲಿದ್ದ ಪ್ರತಿ ಸಾಲನ್ನೂ ಗಟ್ಟಿಯಾಗಿ ಓದಿಸಿದೆ. ಅವರು ನಕ್ಕರು, ನಗಲಿ.

ವಿಂಡೋಸ್ ಮೊದಲು, ಲಿನಕ್ಸ್ ಆಮೇಲೆ ಹಾಕುವುದೇ ಸುಲಭ. ಆಮೇಲೆ ಬಂದ ವಿಂಡೋಸ್ ಆ 446 ಬೈಟ್ ಜಾಗದಲ್ಲಿ ತನ್ನದನ್ನೇ ಬರೆದುಕೊಂಡು ಲಿನಕ್ಸ್ ಇದೆ ಅನ್ನೋದನ್ನೇ ಹೇಳಲ್ಲ. ಲಿನಕ್ಸ್ ಅಲ್ಲಿ ಬರೆಯುವುದು ಗ್ರಬ್ ಅನ್ನುವ ಪ್ರೋಗ್ರಾಂನ ಮೊದಲ ತುಣುಕು. 446 ಬೈಟ್‌ನಲ್ಲಿ ಎಷ್ಟು ಹಿಡಿದೀತು? "ನನ್ನ ಉಳಿದ ಭಾಗ ಇಂಥಲ್ಲಿದೆ" ಅನ್ನುವಷ್ಟೇ. ಆ ಉಳಿದ ಭಾಗ ಎದ್ದು ಬಂದು ನಿಮಗೆ ಕಪ್ಪು ಪರದೆಯಲ್ಲಿ ಎರಡು ಹೆಸರು ತೋರಿಸುತ್ತೆ. ಬಾಣದ ಕೀಲಿಯಿಂದ ಮೇಲೆ ಕೆಳಗೆ ಹೋಗಿ ಎಂಟರ್ ಒತ್ತಿ. ಏನೂ ಒತ್ತದಿದ್ದರೆ ಹತ್ತು ಸೆಕೆಂಡಿಗೆ ಲಿನಕ್ಸೇ ಶುರುವಾಗುತ್ತೆ.

ಡಿ ಡ್ರೈವ್ ಇಬ್ಬರಿಗೂ ಸೇರಿದ ಹಜಾರ. ವಿಂಡೋಸ್ ತಾನಾಗಿ ಲಿನಕ್ಸ್‌ನ ಪಾಲನ್ನು ಓದಲಾರದು, ಆದರೆ ಲಿನಕ್ಸ್ ಡಿ ಡ್ರೈವನ್ನು ಓದುತ್ತೆ, ಬರೆಯುತ್ತೆ. ಹಾಗಾಗಿ ನಿಮ್ಮ ಕೆಲಸವನ್ನೆಲ್ಲ ಡಿಯಲ್ಲೇ ಇಡಿ.

ಎರಡು ತಕರಾರು ಬಂದವು. ವಿಂಡೋಸ್ 10ನ್ನು ಬಂದ್ ಮಾಡಿದರೂ ಅದು ಪೂರ್ತಿ ಮಲಗಲ್ಲ, ಬೇಗ ಏಳಬೇಕು ಅಂತ ಅರ್ಧ ನಿದ್ದೆಯಲ್ಲಿರುತ್ತೆ. ಲೆಕ್ಕದ ಪುಸ್ತಕ ತೆರೆದಿಟ್ಟು ಊಟಕ್ಕೆ ಹೋದಹಾಗೆ. ಅದಕ್ಕೆ ಲಿನಕ್ಸ್ ಡಿ ಡ್ರೈವ್‌ನಲ್ಲಿ ಬರೆಯಲು ಒಪ್ಪಲಿಲ್ಲ. ವಿಂಡೋಸ್‌ನ 'ಫಾಸ್ಟ್ ಸ್ಟಾರ್ಟಪ್' ತೆಗೆದಮೇಲೆ ಸರಿಹೋಯಿತು. ಇನ್ನೊಂದು ತಮಾಷೆಯದು. ಮಧ್ಯಾಹ್ನ 3 ಗಂಟೆಗೆ ವಿಂಡೋಸ್ ತೆರೆದರೆ ಗಡಿಯಾರದಲ್ಲಿ 9.30! ಯಂತ್ರದೊಳಗಿನ ಗಡಿಯಾರಕ್ಕೆ ವಿಂಡೋಸ್ ನಮ್ಮ ಊರಿನ ಸಮಯ ಬರೆಯುತ್ತೆ, ಲಿನಕ್ಸ್ ಗ್ರೀನಿಚ್ ಸಮಯ ಬರೆಯುತ್ತೆ. ನಡುವಿನ ವ್ಯತ್ಯಾಸ ಐದೂವರೆ ಗಂಟೆ. ಸಮಾಜ ವಿಜ್ಞಾನದಲ್ಲಿ ರೇಖಾಂಶದ ಪಾಠ ಓದಿದವರಿಗೆ ಇದು ಹೊಸದಲ್ಲ. ಲಿನಕ್ಸ್‌ಗೆ ಊರಿನ ಸಮಯವನ್ನೇ ಬರೆ ಅಂತ ಹೇಳಿದೆವು.

ಉತ್ತರ ಬರೆದು ಶುಕ್ರವಾರದೊಳಗೆ ಮೆಟ್ಟಿಲ ಹತ್ತಿರದ ಡಬ್ಬದಲ್ಲಿ ಹಾಕಿ:

1. ವಿಂಡೋಸ್ ಅಳತೆಯ 80 ಜಿಬಿಯಲ್ಲಿ 512 ಬೈಟಿನ ಸೆಕ್ಟರ್ ಎಷ್ಟು? ಲೆಕ್ಕ ಮಾಡಿದ ರೀತಿಯನ್ನೂ ಬರೆಯಿರಿ.

2. ಸೆಕ್ಟರ್ ನಂಬರ್ ಬರೆಯಲು ಪಾಲುಪಟ್ಟಿಯಲ್ಲಿ 32 ಬಿಟ್ ಜಾಗ ಮಾತ್ರ ಇದೆ. ಹಾಗಾದರೆ ಈ ಹಳೇ ಪದ್ಧತಿಯಲ್ಲಿ ಎಷ್ಟು ದೊಡ್ಡ ಡಿಸ್ಕಿನವರೆಗೆ ಪಾಲು ಮಾಡಬಹುದು?

3. ಮನೆಯಲ್ಲಿ ಪಹಣಿ ಇದ್ದರೆ ದೊಡ್ಡವರನ್ನು ಕೇಳಿ ನೋಡಿ. ಅದರಲ್ಲಿರುವ ಯಾವ ಯಾವ ವಿವರ ಪಾರ್ಟಿಶನ್ ಟೇಬಲ್‌ನಲ್ಲೂ ಇದೆ?

ಇನ್ನೊಂದು. ಪದ ಹಾಡುವವರು ನಿಮ್ಮ ಮನೆಯಲ್ಲೋ ಕೇರಿಯಲ್ಲೋ ಇದ್ದರೆ ಅವರ ಹೆಸರು ಬರೆದು ಅದೇ ಡಬ್ಬದಲ್ಲಿ ಹಾಕಿ. ಮುಂದಿನ ಭಾನುವಾರದಿಂದ ಮತ್ತೆ ಹೊರಡುತ್ತೇವೆ. ಈ ಸಲ ಮೂರು ಪ್ರತಿ ಮಾಡ್ತೀವಿ.