ಹಳ್ಳಿಯಿಂದ ಬರುತ್ತಿದ್ದವನು

ಪ್ರೀತಿಯ ಮಗಳೇ,

ನಿನ್ನ ಕಾಗದ ಬಂತು. ಶುಭ ಶುಕ್ರವಾರ ವಾರ್ಡಿನಲ್ಲಿ ಡ್ಯೂಟಿ ಬಿದ್ದಿದ್ದು ಇರಲಿ. ಅದರ ಕೆಳಗೆ ಬರೆದಿದ್ದೀಯಲ್ಲ, ಮೂರು ಗಂಟೆಯ ಆರಾಧನೆಯಲ್ಲಿ ಸುತ್ತಲಿನವರೆಲ್ಲ ಕಣ್ಣೊರೆಸಿಕೊಳ್ಳುವಾಗ ನಿನಗೇನೂ ಅನಿಸುವುದಿಲ್ಲ, ನಿನ್ನ ನಂಬಿಕೆಯೇ ಸುಳ್ಳಿರಬಹುದೇ ಎಂದು. ಅದಕ್ಕೇ ಈ ಉತ್ತರ.

ಅಳು ಬರಲಿಲ್ಲವೆಂದು ಕೊರಗಬೇಡ. ಶಿಲುಬೆಯಲ್ಲಿ ಯೇಸು ಆಡಿದ ಏಳು ಮಾತುಗಳ ಮೇಲೆ ಏಳು ಪ್ರಸಂಗ ನಡೆಯುವಾಗ ಐದನೆಯದಕ್ಕೆ ನನಗೂ ತೂಕಡಿಕೆ ಬರುತ್ತದೆ. ಶಿಲುಬೆಯನ್ನು ಚಿನ್ನದ ಸರಕ್ಕೆ ಪೋಣಿಸಿ ನಾವು ಎಷ್ಟು ನಯ ಮಾಡಿಬಿಟ್ಟಿದ್ದೇವೆಂದರೆ, ರೋಮನರು ಗುಲಾಮರನ್ನೂ ದಂಗೆಕೋರರನ್ನೂ ಅದರ ಮೇಲೆ ಕೊಲ್ಲುತ್ತಿದ್ದರು ಎಂಬುದೇ ಮರೆತುಹೋಗಿದೆ. 1968ರಲ್ಲಿ ಯೆರೂಸಲೇಮಿನ ಸಮಾಧಿಯೊಂದರಲ್ಲಿ ಒಂದನೇ ಶತಮಾನದ ಕಲ್ಲಿನ ಅಸ್ಥಿಪೆಟ್ಟಿಗೆ ಸಿಕ್ಕಿತು. ಅದರೊಳಗಿನ ಹಿಮ್ಮಡಿ ಮೂಳೆಯಲ್ಲಿ ಕಬ್ಬಿಣದ ಮೊಳೆ ಇನ್ನೂ ಇತ್ತು. ತುದಿ ಬಾಗಿತ್ತು, ಕೀಳಲು ಬಾರದೆ ಹಾಗೆಯೇ ಬಿಟ್ಟಿರಬೇಕು. ಪೆಟ್ಟಿಗೆಯ ಮೇಲೆ ಕೆತ್ತಿದ್ದ ಹೆಸರು ಯೆಹೋಹಾನಾನ್. ಹಿಮ್ಮಡಿ ಮೂಳೆ ಎಷ್ಟು ಗಟ್ಟಿಯೆಂದು ನರ್ಸ್ ಆದ ನಿನಗೆ ನಾನು ಹೇಳಬೇಕೆ?

ನನಗೆ ಹತ್ತಿರದವನು ಕುರೇನ್ಯದ ಸೀಮೋನ. ಮಾರ್ಕನ ಸುವಾರ್ತೆಯಲ್ಲಿ ಅವನಿಗೆ ಸಿಕ್ಕಿದ್ದು ಒಂದೇ ಒಂದು ವಚನ. ಈಗಿನ ಲಿಬಿಯಾ ಕಡೆಯ ಮನುಷ್ಯ, ಹಳ್ಳಿಯಿಂದ ತನ್ನ ಪಾಡಿಗೆ ಬರುತ್ತಿದ್ದ. ಸಿಪಾಯಿಗಳು ಹಿಡಿದು ಹೆಗಲಿಗೆ ಯೇಸುವಿನ ಶಿಲುಬೆ ಹೊರಿಸಿದರು. ಅವನು ನಂಬಿದನೆಂದಾಗಲಿ ಅತ್ತನೆಂದಾಗಲಿ ಮಾರ್ಕ ಬರೆದಿಲ್ಲ. ಹಿಂದಿನ ರಾತ್ರಿ ಬಿಕ್ಕಿ ಬಿಕ್ಕಿ ಅತ್ತವನು ಪೇತ್ರ. ಹೊರುವ ಹೊತ್ತಿಗೆ ಅವನ ಸುಳಿವೇ ಇಲ್ಲ! (ಪೇತ್ರನನ್ನು ಹಳಿಯುತ್ತಿಲ್ಲ; ಅವನ ಸರದಿ ಆಮೇಲೆ ಬಂತು.) ಸೀಮೋನನನ್ನು ಮಾರ್ಕ ಅಲೆಕ್ಸಾಂದ್ರ, ರೂಫ ಇವರ ತಂದೆ ಎಂದು ಪರಿಚಯಿಸುತ್ತಾನೆ, ಓದುವವರಿಗೆ ಆ ಹುಡುಗರು ಗೊತ್ತಿದ್ದವರು ಎಂಬಂತೆ. ರೋಮಾಪುರದವರಿಗೆ ಬರೆದ ಪತ್ರದ ಕೊನೆಯಲ್ಲಿ ಪೌಲನು ರೂಫನೊಬ್ಬನಿಗೂ ಅವನ ತಾಯಿಗೂ ವಂದನೆ ಹೇಳಿ, ಆಕೆ ನನಗೂ ತಾಯಿ ಅನ್ನುತ್ತಾನೆ. ಇವನೇ ಆ ರೂಫ ಎಂದು ನಂಬುವವರು ಹಿಂದಿನಿಂದಲೂ ಇದ್ದಾರೆ, ನಾನೂ ಅವರ ಪೈಕಿ. ಬಲವಂತಕ್ಕೆ ಹೊತ್ತವನ ಮನೆಯೊಳಗೆ ಆ ಶಿಲುಬೆ ಹೇಗೋ ಬಂದು ಸೇರಿತ್ತು.

ಯೇಸುಸ್ವಾಮಿ ನನಗಾಗಿ ಪ್ರಾಣ ಕೊಟ್ಟರು ಎಂದು ಭಾನುವಾರದ ಶಾಲೆಯಲ್ಲೇ ಬಾಯಿಪಾಠ ಮಾಡಿದವರು ನಾವು. ಆ ‘ನನಗಾಗಿ’ ಕೆಲವರ ಎದೆಗೆ ಒಂದೇ ಸಂಜೆಯಲ್ಲಿ ಇಳಿಯುತ್ತದೆ, ಕೆಲವರಿಗೆ ಅರ್ಧ ಆಯುಷ್ಯ ಬೇಕು. ನಾನು ಎರಡನೆಯ ಗುಂಪಿನವನು. ನನಗದು ಇಳಿದದ್ದು ಗುಡಿಯ ಬೆಂಚಿನ ಮೇಲಲ್ಲ, ಹಾಸಿಗೆ ಹಿಡಿದ ನಿನ್ನ ಅಜ್ಜನ ಮಗ್ಗುಲು ಬದಲಿಸುತ್ತಿದ್ದ ರಾತ್ರಿಗಳಲ್ಲಿ.

ಶುಕ್ರವಾರ ಹನ್ನೆರಡರಿಂದ ಮೂರರವರೆಗೆ ನೀನು ಯಾರದೋ ಗಾಯಕ್ಕೆ ಪಟ್ಟಿ ಬದಲಿಸುತ್ತಿರುತ್ತೀ. ಗುಡಿ ತಪ್ಪಿತೆಂದು ಕೈ ನಿಲ್ಲಿಸಬೇಡ. ಬಿಡುವು ಸಿಕ್ಕರೆ ಮಾರ್ಕನ 15ನೇ ಅಧ್ಯಾಯವನ್ನು ಒಂದೇ ಸಲಕ್ಕೆ ಓದು, ಮೊಬೈಲಿನಲ್ಲಾದರೂ ಸರಿ.

ಈಸ್ಟರಿಗಾದರೂ ರಜೆ ಕೇಳಿ ನೋಡು. ಮುಂಜಾನೆಯ ಆರಾಧನೆಗೆಂದು ನಿನ್ನ ದೊಡ್ಡಮ್ಮ ನಾಲ್ಕಕ್ಕೇ ಎಬ್ಬಿಸುತ್ತಾಳೆ, ತಯಾರಾಗಿಯೇ ಬಾ.

ನಿನ್ನ ದೊಡ್ಡಪ್ಪ