ಮರದಚ್ಚಿನ ಆದ್ಯಕ್ಷರ: ಅಲಂಕಾರದಿಂದ ಆಕರಕ್ಕೆ

ಅಧ್ಯಾಯದ ಆರಂಭದಲ್ಲಿ ಹಲವು ಸಾಲುಗಳ ಎತ್ತರಕ್ಕೆ ನಿಲ್ಲುವ, ಬಳ್ಳಿ ಹೂಗಳಿಂದ ಸಿಂಗರಿಸಿದ ದೊಡ್ಡ ಅಕ್ಷರವೇ ಆದ್ಯಕ್ಷರ. ಯೂರೋಪಿನ ಆದಿಮುದ್ರಿತ ಗ್ರಂಥಗಳಲ್ಲಿ ಕಾಣುವ ಈ ಅಕ್ಷರವನ್ನು ಕೇವಲ ಅಲಂಕಾರವೆಂದು ಪರಿಗಣಿಸಿದರೆ ಮುದ್ರಣ ಚರಿತ್ರೆಯ ಒಂದು ಮುಖ್ಯ ಆಕರ ಕೈತಪ್ಪುತ್ತದೆ.

ಹಸ್ತಪ್ರತಿ ಪರಂಪರೆಯಲ್ಲಿ ಪಠ್ಯ ಬರೆಯುವ ಲಿಪಿಕಾರನೂ ಆದ್ಯಕ್ಷರ ತುಂಬುವ ಚಿತ್ರಕಾರನೂ ಅನೇಕ ವೇಳೆ ಬೇರೆಬೇರೆಯಾಗಿದ್ದರು. ಮುದ್ರಣ ಬಂದೊಡನೆ ಈ ಶ್ರಮವಿಭಜನೆ ಅಳಿಯಲಿಲ್ಲ. ಮೈನ್ಜ್ ನಗರದಲ್ಲಿ 1455ರ ಸುಮಾರಿಗೆ ಸಿದ್ಧವಾದ ಗುಟೆನ್‌ಬರ್ಗ್ ಬೈಬಲಿನಲ್ಲಿ ಆದ್ಯಕ್ಷರಗಳಿಗೆ ಜಾಗ ಬಿಡಲಾಗಿದೆ. ಅವುಗಳನ್ನು ಪ್ರತಿಯಿಂದ ಪ್ರತಿಗೆ ಕೈಯಿಂದಲೇ ತುಂಬಬೇಕಿತ್ತು. ಆ ಕಾಲದ ಅನೇಕ ಗ್ರಂಥಗಳಲ್ಲಿ ಚಿತ್ರಕಾರನ ಕೈ ಸೋಕದ ಸ್ಥಳಗಳು ಇಂದಿಗೂ ಬರಿದಾಗಿವೆ.

ಈ ಅವಲಂಬನೆಯನ್ನು ತಪ್ಪಿಸಿದ್ದು ಮರದಚ್ಚು. ಅಕ್ಷರದ ಸುತ್ತಲಿನ ಮರವನ್ನು ಕೆತ್ತಿ ತೆಗೆದಾಗ ಉಬ್ಬಿ ನಿಲ್ಲುವ ಭಾಗ ಮಾತ್ರ ಮಸಿ ಹಿಡಿಯುತ್ತದೆ. ಲೋಹದ ಮೊಳೆಯ ಮುದ್ರಣತತ್ತ್ವವೂ ಇದೇ. ಆದುದರಿಂದ ಮರದ ತುಂಡನ್ನು ಮೊಳೆಯ ಎತ್ತರಕ್ಕೆ ಹೊಂದಿಸಿ, ಮೊಳೆಗಳ ಜೊತೆಗೇ ಜೋಡಿಸಿ, ಒಂದೇ ಒತ್ತಿನಲ್ಲಿ ಮುದ್ರಿಸಬಹುದು. ಗೆರೆಯ ತಗ್ಗಿನಲ್ಲಿ ಮಸಿ ತುಂಬುವ ತಾಮ್ರಫಲಕಕ್ಕೆ ಈ ಸೌಲಭ್ಯವಿಲ್ಲ; ಅದನ್ನು ಪ್ರತ್ಯೇಕವಾಗಿ ಒತ್ತಬೇಕು.

ಇದರ ಫಲ ಎರ್ಹಾರ್ಡ್ ರಾಟ್‌ಡೋಲ್ಟನ ಕೃತಿಗಳಲ್ಲಿ ಸ್ಪಷ್ಟವಾಗಿದೆ. ಆಗ್ಸ್‌ಬರ್ಗ್ ಮೂಲದ ಈತ 1476ರಿಂದ 1486ರವರೆಗೆ ವೆನಿಸ್‌ನಲ್ಲಿ ಮುದ್ರಕನಾಗಿದ್ದ. 1482ರಲ್ಲಿ ಆತ ಹೊರತಂದ, ಯೂಕ್ಲಿಡನ ರೇಖಾಗಣಿತದ ಪ್ರಥಮ ಮುದ್ರಣದಲ್ಲಿ ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಬಳ್ಳಿಗಳು ಹೆಣೆದುಕೊಂಡ ಆದ್ಯಕ್ಷರಗಳಿವೆ. ಬಿಳಿಬಳ್ಳಿಯ ಈ ವಿನ್ಯಾಸ ಇಟಲಿಯ ಹಸ್ತಪ್ರತಿಗಳಿಂದ ಬಂದುದು. ಚಿತ್ರಕಾರನ ಕೈ ಬಿಟ್ಟರೂ ಆತನ ಕಲೆಯನ್ನು ಮುದ್ರಣ ಬಿಡಲಿಲ್ಲ.

ಸಂಶೋಧಕನಿಗೆ ಇಲ್ಲಿ ಇನ್ನೊಂದು ಪ್ರಯೋಜನವಿದೆ. ಮರ ಬಿರಿಯುತ್ತದೆ, ಹುಳು ತಿನ್ನುತ್ತದೆ, ಅಂಚು ಮುರಿಯುತ್ತದೆ. ಒಂದೇ ಅಚ್ಚು ಇಸವಿಯುಳ್ಳ ಗ್ರಂಥದಲ್ಲಿ ಅಖಂಡವಾಗಿಯೂ ಇಸವಿಯಿಲ್ಲದ ಗ್ರಂಥದಲ್ಲಿ ಬಿರುಕು ಬಿಟ್ಟೂ ಕಂಡರೆ, ಎರಡನೆಯದರ ಆ ಪುಟ ಅನಂತರ ಅಚ್ಚಾದುದೆಂದು ಊಹಿಸಲು ಆಧಾರ ದೊರೆಯುತ್ತದೆ. ಮುದ್ರಕನ ಹೆಸರಿಲ್ಲದ ಗ್ರಂಥಗಳ ಮೂಲವನ್ನು ಗುರುತಿಸುವಲ್ಲಿಯೂ ಇದು ಸಹಾಯಕ. ಆದರೆ ಅಚ್ಚುಗಳು ಮಾರಾಟವಾಗಿ, ಎರವಲಾಗಿ ಕೈ ಬದಲಿಸುತ್ತಿದ್ದವು. ಒಬ್ಬರ ವಿನ್ಯಾಸವನ್ನು ಮತ್ತೊಬ್ಬರು ನಕಲು ಕೆತ್ತಿಸುತ್ತಿದ್ದರು. ವಿನ್ಯಾಸದ ಹೋಲಿಕೆಯೊಂದೇ ಸಾಲದು. ಬಿರುಕು ಮುಕ್ಕುಗಳ ಹೊಂದಿಕೆಯೇ ಪ್ರಮಾಣ.

ಹೀಗಾಗಿ ಪಠ್ಯವನ್ನಷ್ಟೇ ಉಳಿಸಿ ಆದ್ಯಕ್ಷರವನ್ನು ಕೈಬಿಡುವ ಮರುಮುದ್ರಣ, ಗ್ರಂಥದ ಕಾಲ ಕರ್ತೃತ್ವಗಳಿಗೆ ಸಂಬಂಧಿಸಿದ ಸಾಕ್ಷ್ಯವನ್ನೂ ಕೈಬಿಟ್ಟಂತಾಗುತ್ತದೆ. ಗ್ರಂಥದ ವಿವರಣೆಯಲ್ಲಿ ಆದ್ಯಕ್ಷರದ ಅಳತೆ, ವಿನ್ಯಾಸ, ಸವಕಳಿಗಳ ದಾಖಲಾತಿ ಪಾಠಾಂತರದ ದಾಖಲಾತಿಯಷ್ಟೇ ಅಗತ್ಯ.