ಕೊಟ್ಟಿಗೆ ಸಾಮಾನಿಗೆ ಕುದಿನೀರು, ಬಿಸಿಲು

ಜನವಾಡ, ಔರಾದ, ಭಾಲ್ಕಿ ಕಡೆ ದೇವಣಿ ದನ ಕಟ್ಟಿದವರಿಗೊಂದು ಮಾತು. ಫಿನಾಯಿಲ್ ಸುರಿದ ಕೂಡಲೇ ಸೋಂಕು ಹೋಯಿತು ಅಂತ ಕೂಡಬೇಡಿ. ಸಗಣಿ, ಜಿಡ್ಡು ಅಂಟಿದ ಸಾಮಾನಿನ ಮೇಲೆ ಯಾವ ಔಷಧವೂ ಸರಿಯಾಗಿ ನಾಟುವುದಿಲ್ಲ. ಮೇಲಾಗಿ ಹಾಲಿಗೆ ಅದರ ವಾಸನೆ ಹತ್ತುತ್ತದೆ.

ಮೊದಲು ತಿಕ್ಕಿ ತೊಳೆಯಿರಿ. ಹಾಲಿನ ಬಕೆಟ್ಟಿಗೆ ಮೊದಲು ಉಗುರುಬೆಚ್ಚಗಿನ ನೀರು, ಕುದಿನೀರು ಆಮೇಲೆ. ಒಮ್ಮೆಲೇ ಕುದಿನೀರು ಬಿದ್ದರೆ ಹಾಲಿನ ಅಂಶ ಪಾತ್ರೆಗೆ ಕಚ್ಚಿ ಕೂರುತ್ತದೆ. ಕೆಚ್ಚಲು ಒರೆಸುವ ಬಟ್ಟೆ, ಸ್ಟೀಲ್ ಸಾಮಾನುಗಳನ್ನು ಪೂರ್ತಿ ಮುಳುಗಿಸಿ 20 ನಿಮಿಷ ಕುದಿಸಿ.

ಔಷಧ ಕುಡಿಸುವ ಬಿದಿರಿನ ಗೊಟ್ಟವೇ ತಲೆನೋವು. ಹೊರಗೆ ಫಳಫಳ, ಒಳಗಿನ ಸೀಳಿನಲ್ಲಿ ಹೋದ ವಾರದ ಬೆಲ್ಲದ ಕಷಾಯ! ಸೀಳು ಬಿಟ್ಟದ್ದು ಒಲೆಗೆ ಹೋಗಲಿ.

ಹಗ್ಗ, ಬ್ರಷ್ಷುಗಳನ್ನು ತೊಳೆದು, ಮಗ್ಗಲು ಬದಲಿಸುತ್ತ ಒಣಗಿಸಿ. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಬಿಸಿಲು ಪುಕ್ಕಟೆ. ಆದರೆ ಬಿಸಿಲು ತಾಗಿದ ಮಗ್ಗಲಿಗಷ್ಟೇ ಅದರ ಗುಣ. ಮಳೆಗಾಲದಲ್ಲಿ ಅದನ್ನು ನೆಚ್ಚಬೇಡಿ. ಬೇವಿನ ನೀರು, ಅರಿಶಿಣದ ನೀರು ಕುದಿನೀರಿಗೆ ಬದಲಿಯಲ್ಲ, ಯಾರು ಏನೇ ಹೇಳಲಿ.

ಕಾಲುಬಾಯಿ ಬೇನೆ, ಕಂದು ಹಾಕುವುದು ಕಂಡರೆ ಮಾತ್ರ ಮನೆಮದ್ದಿನ ಹಟ ಬೇಡ. ಸಾಮಾನು ತೊಳೆಯಲು ಡಾಕ್ಟರು ಹೇಳಿದ ಔಷಧವನ್ನೇ ಬಳಸಿ. ದನ ಹಠಾತ್ತನೆ ಸತ್ತು ಮೂಗಿನಲ್ಲಿ ರಕ್ತ ಬಂದಿದ್ದರೆ ಅಂತ್ರಾಕ್ಸ್ ಇರಬಹುದು. ಅದರ ಬೀಜಾಣು ಸುಲಭಕ್ಕೆ ಬಗ್ಗದು. ಹೆಣ ಕೊಯ್ಯಬೇಡಿ, ಸಾಮಾನು ಮುಟ್ಟಬೇಡಿ, ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ.